ಸವೆದ ಟೈರು ಎಲ್ಲಿಗೆ ಹೋಗುತ್ತದೆ?

ಗೋಡೌನಿನ ಹಿಂದೆ ರಾಶಿ ಬಿದ್ದಿದ್ದ ಹಳೆಯ ಟೈರುಗಳನ್ನು ಸಂಘವು ಕಡಿಮೆ ದರಕ್ಕೆ ಕೊಟ್ಟುಬಿಟ್ಟಿತೆಂದು ಕೆಲವು ಸದಸ್ಯ ಬಾಂಧವರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಹೆಚ್ಚಿನ ದರ ಕೊಡುವವರು ಬಾಗಿಲಿಗೆ ಬಂದಿದ್ದರು, ಕಾರ್ಯದರ್ಶಿಯೇ ಬೇಡವೆಂದರು ಎಂಬುದೂ ಸುಳ್ಳಲ್ಲ. ಇದಕ್ಕೆ ಉತ್ತರವನ್ನು ಲೆಕ್ಕದ ಪುಸ್ತಕದಲ್ಲಿ ತೋರಿಸಲಾಗದು. ರೋಣದಿಂದ ಶುರು ಮಾಡಿ ಹೇಳಬೇಕು. ಸ್ವಲ್ಪ ಉದ್ದವಾದೀತು, ಓದುಗರು ಕ್ಷಮಿಸಬೇಕು.

ನಮ್ಮ ತೋಟಕ್ಕೆ ಹದಿನಾರು ವರ್ಷಗಳಿಂದ ಕಾಫಿ ಕೊಯ್ಲಿಗೆ ಆಳುಗಳನ್ನು ಕರೆತರುತ್ತಿರುವ ಮೇಸ್ತ್ರಿ ರೋಣ ತಾಲ್ಲೂಕಿನವರು. ಕಳೆದ ನವೆಂಬರಿನಲ್ಲಿ ಅವರ ಮಗಳ ಮದುವೆ. “ವರ್ಷಾ ನಾವ ನಿಮ್ಮ ಮನಿಗೆ ಬರ್ತೀವಿ ಸಾವ್ಕಾರ್ರ, ಒಂದ್ ಸಲಾ ನೀವೂ ನಮ್ಮ ಮನಿಗೆ ಬರ್ರಿ” ಎಂದು ಫೋನಿನಲ್ಲಿ ಹೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊಪ್ಪದಿಂದ ರೋಣವೆಂದರೆ ಜೀಪಿನಲ್ಲಿ ಇಡೀ ಹಗಲಿನ ಹಾದಿ. ಹೋಗುವಾಗ ನಾನು, ನನ್ನಾಕೆ, ಡ್ರೈವರು ಮೂವರೇ. ಬರುವಾಗ ಕೊಯ್ಲಿಗೆ ಹೊರಟ ನಾಲ್ವರು ಹೆಂಗಸರನ್ನೂ ಅವರ ಮೂರು ಮಕ್ಕಳನ್ನೂ ಅದೇ ಜೀಪಿನಲ್ಲಿ ಕರೆತರುವುದೆಂದು ಮಾತಾಗಿತ್ತು.

ಹಾವೇರಿ ದಾಟಿ ಲಕ್ಷ್ಮೇಶ್ವರ ಇನ್ನೇನು ಹತ್ತಿರ ಬಂತು ಎನ್ನುವಾಗ ಹಿಂದಿನ ಎಡಗಡೆಯ ಟೈರು ಸಿಡಿಯಿತು. ಗುಂಡು ಹಾರಿದಂಥ ಸದ್ದು. ಜೀಪು ರಸ್ತೆಗೆ ಅಡ್ಡ ತಿರುಗಿ ಜಾಲಿ ಮರದ ಬುಡಕ್ಕೆ ಎರಡು ಮಾರು ಇರುವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆ ಟೈರು ನಾನೇ ಚೌಕಾಸಿ ಮಾಡಿ ಹಾಕಿಸಿದ ರಿಸೋಲ್ ಟೈರು. ಮೇಲಿನ ಪಟ್ಟಿ ಬಾಳೆಪಟ್ಟೆ ಸುಲಿದಂತೆ ಎದ್ದು ಬಂದಿತ್ತು. ಸಹಾಯಕ್ಕೆ ಬಂದ ಪಂಕ್ಚರ್ ಅಂಗಡಿಯ ಹುಡುಗ ಟೈರಿನ ಪಕ್ಕೆಯ ಮಣ್ಣನ್ನು ಬೆರಳಿನಿಂದ ಒರೆಸಿ ನಾಲ್ಕು ಅಂಕಿಗಳನ್ನು ತೋರಿಸಿದ: 2114. ಅಂದರೆ 2014ನೆಯ ಇಸವಿಯ 21ನೆಯ ವಾರದಲ್ಲಿ ತಯಾರಾದದ್ದು. “ಕಾಯಿ ಮುದುಕ ಆಗೇತಿ, ಅದಕ್ಕ ಹೊಸಾ ಅಂಗಿ ತೊಡಿಸ್ಯಾರ್ರಿ” ಎಂದ. ಮೂವತ್ತು ವರ್ಷ ಜೀಪು ಓಡಿಸಿದ ನನಗೆ, ಪದವೀಧರನೆಂದು ಬೀಗುವವನಿಗೆ, ಆ ಅಂಕಿಯ ಅರ್ಥ ಅಂದಿನವರೆಗೆ ಗೊತ್ತಿರಲಿಲ್ಲ. ಬರುವಾಗಿನ ಏಳು ಜೀವಗಳ ನೆನಪಾಗಿ ಗದಗಿನಲ್ಲಿ ಎರಡು ಹೊಸ ಟೈರು ಹಾಕಿಸಿಯೇ ಮುಂದಕ್ಕೆ ಹೊರಟೆ.

ಗದಗಿನ ಹತ್ತಿರ ಬಂದ ಸಹಕಾರಿ ಕಣಗಿನಹಾಳವನ್ನು ನೆನೆಯದೆ ಮುಂದೆ ಹೋಗಲಾರ. 1905ರಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ದೇಶದ ಸಹಕಾರಕ್ಕೆ ಮೊದಲ ಗೆರೆ ಎಳೆದ ಊರು ಅದು. ಆದರೆ ಹೊತ್ತು ಮೀರಿತ್ತು, ಮನಸ್ಸಿನಲ್ಲೇ ಕೈ ಮುಗಿದೆ. ಅಲ್ಲಿಂದ ಮುಂದೆ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ. ಮಲೆನಾಡಿನವರಿಗೆ ಆ ಬಯಲು ಮೊದಲು ಭಯ ಹುಟ್ಟಿಸುತ್ತದೆ, ಆಮೇಲೆ ಹಿಡಿಸುತ್ತದೆ. ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ದೂರದಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು.

ಮೇಸ್ತ್ರಿಯವರ ಮನೆಯ ಅಂಗಳದಲ್ಲಿ ಗೋಡೆಗೆ ಒರಗಿಸಿದ ಚಕ್ಕಡಿಯ ಹಳೆಯ ಗಾಲಿಯೊಂದಿತ್ತು. ಮರದ ಗಾಲಿ, ಸುತ್ತ ಕಬ್ಬಿಣದ ಪಟ್ಟಿ, ಅಲ್ಲಿಯವರ ಮಾತಿನಲ್ಲಿ ಹಳಿ. ಅದರ ಪಕ್ಕದಲ್ಲೇ ಹಳೆಯ ಲಾರಿ ಟೈರು ಹಾಕಿದ ಗಾಡಿ, ಆಚೆಗೆ ಟ್ರ್ಯಾಕ್ಟರು ಮತ್ತು ಟ್ರೇಲರು. ಮೂರು ತಲೆಮಾರು ಒಂದೇ ಸಾಲಿನಲ್ಲಿ ನಿಂತಂತೆ ಕಂಡಿತು. ಮೇಸ್ತ್ರಿಯವರ ತಂದೆಗೆ ಎಂಬತ್ತು ದಾಟಿದೆ. ನನ್ನ ಟೈರಿನ ಕಥೆ ಕೇಳಿ ನಕ್ಕು, ಗಾಲಿಯ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ:

“ಇದು ನಮ್ಮಪ್ಪ ಮಾಡಿಸಿದ ಗಾಲಿ. ಹಳಿ ಮೂರ್ ಸಲಾ ಬಿಗಿಸೇವಿ. ಹಳಿ ಸವದ್ರ ಕಂಬಾರ ಅದರಾಗ ಕುಡಗೋಲ ಮಾಡ್ತಿದ್ದ. ಕಟಗಿ ಮುರದ್ರ ಒಲಿಗೆ ಆತು, ಬೂದಿ ತಿಪ್ಪಿಗೆ ಆತು. ಈ ರಬ್ಬರ್ ಗಾಲಿ ಸವದ್ರ ಏನ್ ಮಾಡೂದು ಹೇಳ್ರಿ? ಸುಟ್ರ ಊರ ತುಂಬಾ ಹೊಗಿ. ಹುಗದ್ರ ನೆಲಾ ಅದನ್ನ ಅರಗಿಸ್ಕೊಳ್ಳಂಗಿಲ್ಲ.”

ಇಂದು ಜಗತ್ತಿನ ದೊಡ್ಡ ದೊಡ್ಡ ಟೈರು ಕಂಪನಿಗಳ ಪ್ರಯೋಗಶಾಲೆಗಳಲ್ಲಿ ಕೂತವರು ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ ಎಂದರೆ ಅಜ್ಜ ನಂಬಲಿಕ್ಕಿಲ್ಲ.

ಹಾಗೆಂದು ಹಳಿಯ ಗಾಲಿಯೇ ಒಳ್ಳೆಯದಿತ್ತು ಎನ್ನಲು ನಾನು ಸಿದ್ಧನಿಲ್ಲ. ಎತ್ತಿನ ಹೆಗಲು ಕೇಳಿದರೆ ಬೇರೆಯೇ ಹೇಳೀತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎಪ್ಪತ್ತರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಒಂದು ವ್ರತದಂತೆ ಹಿಡಿದಿದ್ದರು. ಮ್ಯಾನೇಜ್‌ಮೆಂಟ್ ಕಲಿಸುವವರಿಗೆ ಎತ್ತಿನ ಗಾಡಿಯೇಕೆ ಎಂದು ಆಗ ನಕ್ಕವರಿದ್ದರು. ಕಬ್ಬಿಣದ ಪಟ್ಟಿ ರಸ್ತೆಯನ್ನು ಕೊರೆಯುತ್ತದೆ, ಎಳೆಯಲು ಎತ್ತು ವ್ಯರ್ಥವಾಗಿ ದಣಿಯುತ್ತದೆ, ಗಾಲಿ ಮತ್ತು ಅಚ್ಚು ಸುಧಾರಿಸಿದರೆ ಪ್ರಾಣಿಯ ಸಂಕಟವೂ ಇಳಿಯುತ್ತದೆ, ಸಾಗಣೆಯೂ ಹೆಚ್ಚುತ್ತದೆ ಎಂಬುದು ಅವರ ವಾದ. ಅದು ಸರಿಯಾದ ವಾದ. ರಬ್ಬರ್ ಗಾಲಿಯಿಂದ ಎತ್ತಿಗೆ ಸುಖವಾಯಿತು, ಅದರಲ್ಲಿ ಎರಡು ಮಾತಿಲ್ಲ. ಗಾಳಿ ತುಂಬಿದ ಟೈರಿನ ಹುಟ್ಟಿನಲ್ಲೂ ಪ್ರಾಣಿವೈದ್ಯನೊಬ್ಬನಿದ್ದಾನೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ್ದೇ ಬಳಕೆಗೆ ಬಂದ ಮೊದಲ ಗಾಳಿ ಟೈರು. ಅದಕ್ಕಿಂತ ನಾಲ್ಕು ದಶಕಗಳ ಹಿಂದೆಯೇ, 1845ರಲ್ಲಿ, ಥಾಮ್ಸನ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಆಗ ಸೈಕಲ್ಲೂ ಇಲ್ಲ, ಮೋಟಾರೂ ಇಲ್ಲ, ಕೇಳುವವರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಹೊಲಕ್ಕೆ ಕರೆದೊಯ್ದರು. ಕಡಲೆ ಗೇಣುದ್ದ ಎದ್ದಿತ್ತು. ಇಡೀ ಹೊಲ ಹಸಿರಾಗಿದ್ದರೂ ನಡುವೆ ಎರಡು ಪಟ್ಟಿಗಳಲ್ಲಿ ಮಾತ್ರ ಗಿಡ ಕುಳ್ಳು, ಅಲ್ಲಲ್ಲಿ ಬರಿದು. ಹಿಂದಿನ ಮಳೆಗೆ ನೆಲ ಹಸಿಯಿರುವಾಗಲೇ ಮೆಣಸಿನಕಾಯಿ ತುಂಬಿದ ಟ್ರೇಲರು ಹಾದುಹೋದ ಜಾಡು ಅದು. ಆ ಸೀಮೆಯ ಹಿಂಗಾರಿ ಬೆಳೆ ನಿಂತಿರುವುದೇ ನೆಲದಡಿ ಉಳಿದ ತೇವದ ಮೇಲೆ. ಒತ್ತಿ ಗಟ್ಟಿಯಾದ ನೆಲದಲ್ಲಿ ಬೇರು ಆ ತೇವದವರೆಗೆ ಇಳಿಯಲಾರದು.

ಈ ಸಂಗತಿ ನಮಗೂ ಬೇಕಾದದ್ದು, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಟೈರು ನೆಲವನ್ನು ಎಷ್ಟು ಒತ್ತುತ್ತದೆ ಎಂಬುದಕ್ಕೆ ಒಂದು ಸುಲಭದ ಲೆಕ್ಕವಿದೆ. ಟೈರಿನೊಳಗೆ ಎಷ್ಟು ಪೌಂಡ್ ಗಾಳಿಯಿದೆಯೋ ಸುಮಾರಾಗಿ ಅಷ್ಟೇ ಒತ್ತಡ ನೆಲದ ಮೇಲೂ ಬೀಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಅಗಲ ಟೈರಿನಲ್ಲಿ ಗಾಳಿ ಕಡಿಮೆ, ಆದ್ದರಿಂದ ಅದು ಅಷ್ಟೊಂದು ಅಪರಾಧಿಯಲ್ಲ. ಅದರ ಹಿಂದೆ ಬರುವ ಟ್ರೇಲರಿಗೆ ಹಾಕುವುದು ಹೆಚ್ಚು ಗಾಳಿಯ ಕಿರಿದಾದ ಟೈರು. ಅಲ್ಲಿದೆ ತೊಂದರೆ. ಇನ್ನೊಂದು ಸಂಗತಿ, ಮೇಲ್ಮಣ್ಣಿನ ಗಟ್ಟಿತನ ಟೈರಿನ ಒತ್ತಡದಿಂದ ಬಂದರೆ, ಆಳದ ಗಟ್ಟಿತನ ಅಚ್ಚಿನ ಮೇಲಿನ ಒಟ್ಟು ಭಾರದಿಂದ ಬರುತ್ತದೆ. ಮೇಲಿನದನ್ನು ನೇಗಿಲು ಸಡಿಲಿಸೀತು, ಆಳದ್ದು ವರ್ಷಗಟ್ಟಲೆ ಉಳಿಯುತ್ತದೆ. ಇದಕ್ಕೆಂದೇ ಈಗ ಕಡಿಮೆ ಗಾಳಿಯಲ್ಲಿ ಹೆಚ್ಚು ಭಾರ ಹೊರುವ ಕೃಷಿ ಟೈರುಗಳು ಬಂದಿವೆ. ಪಕ್ಕೆ ಹೆಚ್ಚು ಬಾಗುವಂತೆ ಕಟ್ಟಿದ ಇವು ಸಾಮಾನ್ಯ ರೇಡಿಯಲ್ ಟೈರಿಗಿಂತ ಶೇಕಡಾ 40ರಷ್ಟು ಕಡಿಮೆ ಗಾಳಿಯಲ್ಲಿ ಅದೇ ಭಾರವನ್ನು ಹೊರುತ್ತವೆ. ಬೆಲೆ ನಮ್ಮಂಥ ಸಣ್ಣ ಹಿಡುವಳಿಯವರದಲ್ಲ. ಆದರೆ ತೋಟದ ಮಣ್ಣು ಹಸಿಯಿರುವಾಗ ಪಿಕಪ್ಪನ್ನು ಕಾಫಿ ಗಿಡದ ಬುಡದವರೆಗೆ ನುಗ್ಗಿಸದಿರಲು ದುಡ್ಡು ಬೇಕಿಲ್ಲ. ಕಾಫಿಯ ಉಣ್ಣುವ ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಮೂಟೆಯನ್ನು ನಾಲ್ಕು ಹೆಜ್ಜೆ ಹೊತ್ತು ರಸ್ತೆಗೆ ತರುವುದು ಗಿಡಕ್ಕೆ ಲಾಭ.

ಇನ್ನು ಅಜ್ಜನ ಪ್ರಶ್ನೆ. ಟೈರು ಏಕೆ ಹಿಂತಿರುಗಿ ಮಣ್ಣಾಗುವುದಿಲ್ಲ?

ರಬ್ಬರಿನ ಹಾಲು ಹೆಪ್ಪುಗಟ್ಟಿದ ಹಾಳೆ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರಿಯುತ್ತದೆ ಎಂಬುದು ಹೊಗೆಮನೆ ಇಟ್ಟವರಿಗೆಲ್ಲ ಗೊತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದಾಗ ಅದು ಗಟ್ಟಿಯಾಗಿಯೂ ಎಳೆದರೆ ಬಗ್ಗುವಂತೆಯೂ ನಿಂತಿತು. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಸಣ್ಣ ಸಣ್ಣ ಗಂಟು ಹಾಕುತ್ತದೆ. ಈ ಗಂಟುಗಳಿಂದಲೇ ಟೈರಿಗೆ ಜೀವ, ಈ ಗಂಟುಗಳಿಂದಲೇ ಅದಕ್ಕೆ ಸಾವಿಲ್ಲದ ಶಾಪ. ಕಬ್ಬಿಣವನ್ನು ಕಾಯಿಸಿ ಮತ್ತೆ ಬಡಿಯಬಹುದು, ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಬಹುದು. ಗಂಧಕ ಹಿಡಿದ ರಬ್ಬರು ಕರಗುವುದಿಲ್ಲ, ಸುಡುತ್ತದೆ ಅಷ್ಟೆ. ಮೊಸರು ಮತ್ತೆ ಹಾಲಾಗುವುದಿಲ್ಲವಷ್ಟೆ, ಅದೇ ಕಥೆ. ಮೇಲಾಗಿ ಟೈರು ಬರಿಯ ರಬ್ಬರಲ್ಲ. ಉಕ್ಕಿನ ತಂತಿ, ನೂಲು, ಎಣ್ಣೆ, ಸತುವಿನ ಬೂದಿ, ಮಸಿ, ಪೆಟ್ರೋಲಿಯಂನಿಂದ ಮಾಡಿದ ಕೃತಕ ರಬ್ಬರು ಎಲ್ಲ ಒಂದಾಗಿ ಬೆಂದ ಪಾಕ ಅದು. ಟೈರಿಗೆ ಕಪ್ಪು ಬಣ್ಣ ಬಂದದ್ದೇ ಆ ಮಸಿಯಿಂದ. ಮಸಿ ಸೇರಿಸದ ಮೊದಲ ಟೈರುಗಳು ಬೆಳ್ಳಗಿದ್ದವು, ಬೇಗ ಸವೆಯುತ್ತಿದ್ದವು.

ಈ ಪಾಕದಲ್ಲಿ ನಮ್ಮ ಪಾಲೆಷ್ಟು? ಕಾರಿನ ಟೈರಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು, ಲಾರಿ ಟೈರಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮರದಿಂದ ಇಳಿದ ರಬ್ಬರು. ವಿಮಾನದ ಟೈರಿಗೆ ಬಳಸುವ ರಬ್ಬರು ಹೆಚ್ಚುಕಡಿಮೆ ಎಲ್ಲ ಮರದ್ದೇ. ಭಾರ ಹೊತ್ತು ಓಡುವಾಗ ಕಾವೇರದಂತೆ, ಹರಿಯದಂತೆ ತಡೆಯುವ ಗುಣದಲ್ಲಿ ಮರದ ಹಾಲಿಗೆ ಸಮನಾದದ್ದನ್ನು ಕಾರ್ಖಾನೆ ಇನ್ನೂ ಮಾಡಿಲ್ಲ. ಜಗತ್ತಿನಲ್ಲಿ ಬೆಳೆಯುವ ರಬ್ಬರಿನಲ್ಲಿ ಹತ್ತಕ್ಕೆ ಏಳು ಪಾಲು ಟೈರಿಗೇ ಹೋಗುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ, ನಮ್ಮ ಕಡೆ ನರಸಿಂಹರಾಜಪುರ, ಕೊಪ್ಪದಲ್ಲಿ, ಹಳದಿ ಎಲೆ ರೋಗಕ್ಕೆ ಅಡಿಕೆ ಬಿಟ್ಟುಕೊಟ್ಟು ರಬ್ಬರಿಗೆ ಕೈ ಹಾಕಿದವರು ಈ ಪತ್ರಿಕೆಯ ಓದುಗರಲ್ಲೇ ಅನೇಕರು. ನಾನೂ ಗುಡ್ಡದ ಬದಿಗೆ ಎರಡು ಎಕರೆ ಹಾಕಿದ್ದೇನೆ. ಹಾಳೆ ಮಾರಿ ಬಂದ ಮೇಲೆ ಅದು ಎಲ್ಲಿಗೆ ಹೋಯಿತೆಂದು ನಾವು ಕೇಳುವುದಿಲ್ಲ. ಟೈರಾಗಿ ನಮ್ಮ ಅಂಗಳಕ್ಕೇ ವಾಪಸು ಬರುತ್ತದೆ.

ಮುಂದಿನ ವಾಹನಗಳು ವಿದ್ಯುತ್ತಿನವು ಎಂದಾಗ ಹೊಗೆಯ ಚಿಂತೆ ತೀರಿತು ಎಂದುಕೊಂಡೆವು. ಟೈರಿನ ಚಿಂತೆ ಹೆಚ್ಚಿತು. ಬ್ಯಾಟರಿಯ ಭಾರದಿಂದ ಗಾಡಿ ತೂಕವಾಗುತ್ತದೆ, ಮೋಟಾರು ಮೊದಲ ಹೆಜ್ಜೆಗೇ ಪೂರ್ತಿ ಬಲದಿಂದ ಎಳೆಯುತ್ತದೆ, ಹೀಗಾಗಿ ಟೈರು ಬೇಗ ಸವೆಯುತ್ತದೆ. ಸವೆದದ್ದು ಎಲ್ಲಿಗೆ ಹೋಯಿತು? ಒಂದು ಕಾರಿನ ಟೈರು ಹೊಸದಾಗಿ ಹಾಕಿದಂದಿನಿಂದ ತೆಗೆಯುವವರೆಗೆ ಒಂದು, ಒಂದೂವರೆ ಕಿಲೋ ಕಳೆದುಕೊಂಡಿರುತ್ತದೆ. ಅದೆಲ್ಲ ಕಣ್ಣಿಗೆ ಕಾಣದ ಪುಡಿಯಾಗಿ ರಸ್ತೆ ಬದಿಗೆ, ಮಳೆ ಬಂದಾಗ ಹಳ್ಳಕ್ಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೊಟ್ಟೆಯಿಡಲು ಹೊಳೆಗೆ ಬರುವ ಕೋಹೋ ಸಾಲ್ಮನ್ ಮೀನುಗಳು ಮಳೆ ಬಿದ್ದ ಕೂಡಲೇ ಸಾಯುತ್ತಿದ್ದವು. ವರ್ಷಗಟ್ಟಲೆ ಹುಡುಕಿದ ವಿಜ್ಞಾನಿಗಳು 2020ರಲ್ಲಿ ಕಾರಣ ಕಂಡುಕೊಂಡರು. ಟೈರು ಬಿರಿಯದಿರಲೆಂದು ಸೇರಿಸುವ 6-ಪಿ.ಪಿ.ಡಿ. ಎಂಬ ವಸ್ತು ಗಾಳಿಯಲ್ಲಿರುವ ಓಝೋನಿನೊಡನೆ ಕೂಡಿ ಬೇರೊಂದು ವಸ್ತುವಾಗುತ್ತದೆ, ಅದೇ ಆ ಮೀನಿನ ವಿಷ. ಅದೇ ನೀರಿನಲ್ಲಿ ಚಮ್ ಸಾಲ್ಮನ್ ಎಂಬ ದಾಯಾದಿ ಮೀನು ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ತುಂಗೆಯ ಮೀನಿಗೂ ಹೀಗೇ ಆಗುತ್ತದೆಂದು ನಾನು ಹೆದರಿಸಹೊರಟಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಇದಕ್ಕೆ ಬದಲಿ ಹುಡುಕಬೇಕೆಂದು ಟೈರು ಕಂಪನಿಗಳಿಗೆ ಹೇಳಿತು. ಯೂರೋಪಿನ ಒಕ್ಕೂಟ 2024ರಲ್ಲಿ ಮಾಡಿದ ‘ಯೂರೋ 7’ ನಿಯಮದಲ್ಲಿ, ಹೊಗೆಕೊಳವೆಯಷ್ಟೇ ಅಲ್ಲದೆ, ಟೈರಿನ ಸವಕಳಿಗೂ ಮಿತಿ ಬಂದಿದೆ.

ಕಂಪನಿಗಳೂ ಸುಮ್ಮನೆ ಕೂತಿಲ್ಲ. ಹಳೆಯ ಕಷ್ಟವೊಂದಿತ್ತು. ಟೈರು ಹಗುರವಾಗಿ ಉರುಳಬೇಕು, ಒದ್ದೆ ರಸ್ತೆಯಲ್ಲಿ ಹಿಡಿಯಬೇಕು, ಬಹುಕಾಲ ಬಾಳಬೇಕು. ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಜಾರುತ್ತಿತ್ತು. ತೊಂಬತ್ತರ ದಶಕದ ಮೊದಲಿಗೆ ಮಿಶೆಲಿನ್ ಕಂಪನಿ ಮಸಿಯ ಬಹುಪಾಲನ್ನು ತೆಗೆದು ಮರಳಿನ ಸತ್ವವಾದ ಸಿಲಿಕಾವನ್ನು ಸೇರಿಸಿದಾಗ ಮೊದಲೆರಡು ಗುಣಗಳು ಒಟ್ಟಿಗೆ ಕೂಡಿದವು, ಎಣ್ಣೆ ಉಳಿಯಿತು. ಈಗ ಅದೇ ಸಿಲಿಕಾವನ್ನು ಭತ್ತದ ಹೊಟ್ಟು ಸುಟ್ಟ ಬೂದಿಯಿಂದ ತೆಗೆಯುತ್ತಿದ್ದಾರೆ. ನಮ್ಮ ಅಕ್ಕಿ ಗಿರಣಿಗಳ ಹಿಂದೆ ಗುಡ್ಡೆ ಬೀಳುವ ಬೂದಿಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕಿ ಸಿಲಿಕಾವೇ ಇರುತ್ತದೆ. ಪೆಟ್ರೋಲಿಯಂ ಎಣ್ಣೆಯ ಬದಲು ಸೋಯಾ ಎಣ್ಣೆ ಹಾಕಿದ ಟೈರುಗಳು ಮಾರುಕಟ್ಟೆಯಲ್ಲಿವೆ. ಗಾಳಿಯೇ ಬೇಡದ ಟೈರನ್ನು ಮಿಶೆಲಿನ್ 2005ರಲ್ಲೂ, ಕಾರಿಗೆಂದು 2019ರಲ್ಲೂ ತೋರಿಸಿತು. ಚಿತ್ರ ನೋಡಿದರೆ ಅಜ್ಜನ ಗಾಲಿಯ ಅರಗಳನ್ನೇ ಬಾಗುವ ವಸ್ತುವಿನಲ್ಲಿ ಮಾಡಿದಂತಿದೆ. ಪಂಕ್ಚರಿನ ಭಯವಿಲ್ಲ ನಿಜ, ಆದರೆ ಅರಗಳ ನಡುವೆ ನಮ್ಮ ಮಳೆಗಾಲದ ಕೆಸರು ಕಲ್ಲು ತುಂಬಿಕೊಂಡರೆ ಏನು ಗತಿ ಎಂಬುದು ನನ್ನ ಅನುಮಾನ.

ಮೇಸ್ತ್ರಿಯವರ ಕಿರಿಯ ಮಗ ಪಿ.ಯು.ಸಿ. ಓದಿದವನು. ಮೊಬೈಲಿನಲ್ಲಿ ನೋಡಿದ್ದನ್ನು ಕೇಳಿದ: ಒಣಭೂಮಿಯಲ್ಲಿ ಬೆಳೆಯುವ ರಬ್ಬರ್ ಗಿಡ ಇದೆಯಂತೆ ಹೌದೇ ಎಂದು. ಹೌದು. ಗ್ವಾಯುಲೆ ಎಂಬ ಪೊದೆ, ಮೆಕ್ಸಿಕೋ ಮತ್ತು ಅಮೆರಿಕದ ಮರುಭೂಮಿಯದು. ಬ್ರಿಜ್‌ಸ್ಟೋನ್ ಕಂಪನಿ ಅರಿಜೋನಾದಲ್ಲಿ ಅದನ್ನು ಬೆಳೆದು, 2022ರಲ್ಲಿ ಕಾರು ಪಂದ್ಯದ ಟೈರಿಗೂ ಬಳಸಿತು. ಕಾಂಟಿನೆಂಟಲ್ ಕಂಪನಿ ಒಂದು ಜಾತಿಯ ದಂಡೇಲಿಯನ್ ಗಿಡದ ಬೇರಿನಿಂದ ರಬ್ಬರು ತೆಗೆದು ಸೈಕಲ್ ಟೈರು ಮಾಡಿದೆ. ಹುಡುಗನ ಕಣ್ಣು ಹೊಳೆಯಿತು. ಕೊಳ್ಳುವವರಿಲ್ಲದ ಬೆಳೆಗೆ ಬಿಳಿಜೋಳದ ಎರೆ ಹೊಲ ಕೊಡಬೇಡಪ್ಪ ಎಂದೆ. ವೆನಿಲ್ಲಾ ಕಾಲದಲ್ಲಿ ನಮ್ಮಲ್ಲಿ ಸುಟ್ಟುಕೊಂಡವರು ಅದನ್ನು ಹೇಳದೆ ಇರಲಾದೀತೆ?

ಬೆಳೆಗಾರರಾದ ನಮ್ಮ ಮೇಲೆ ನೇರವಾಗಿ ಬಂದು ಬೀಳುವುದು ಇನ್ನೊಂದು ಕಾಯಿದೆ. ಕಾಡು ಕಡಿದು ಬೆಳೆದ ಏಳು ಸರಕುಗಳನ್ನು ಕೊಳ್ಳುವುದಿಲ್ಲವೆಂದು ಯೂರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಆ ಏಳರಲ್ಲಿ ಕಾಫಿಯೂ ಇದೆ, ರಬ್ಬರೂ ಇದೆ, ಟೈರೂ ಸೇರಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂದು ತೋಟದ ನಕ್ಷೆಯ ಗುರುತಿನೊಂದಿಗೆ ತೋರಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ, ಹಾಗೆಂದು ಕಾನೂನು ಹೋಗಿಲ್ಲ. ಕಾಫಿ ಮಂಡಳಿಯೂ ರಬ್ಬರು ಮಂಡಳಿಯೂ ತೋಟಗಳ ಗುರುತು ಹಾಕುವ ಕೆಲಸಕ್ಕೆ ಕೈ ಹಾಕಿವೆ. ಕಾಫಿಗೆ ಮಾಡಿಸುವಾಗಲೇ ರಬ್ಬರಿನ ತುಂಡಿಗೂ ಮಾಡಿಸಿಕೊಳ್ಳಿ. ಪಹಣಿ, ನಕ್ಷೆ ಸಂಘದ ಕಚೇರಿಗೆ ತಂದರೆ ಅರ್ಜಿ ತುಂಬಲು ನಮ್ಮ ಗುಮಾಸ್ತರು ಸಹಾಯ ಮಾಡುತ್ತಾರೆ.

ಈಗ ಗೋಡೌನಿನ ಹಿಂದಿನ ರಾಶಿಗೆ ಬರುತ್ತೇನೆ. ಸಂಘದ ಲಾರಿ, ಪಿಕಪ್ಪುಗಳಿಂದ ಕಳಚಿದವು, ಸದಸ್ಯರು ಬಿಟ್ಟುಹೋದವು ಸೇರಿ ನಲವತ್ತಕ್ಕೂ ಹೆಚ್ಚು ಟೈರುಗಳಿದ್ದವು. ಹಿಂದಿನ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಬಂದು ಅವುಗಳೊಳಗಿನ ನೀರನ್ನು ಚಮಚದಲ್ಲಿ ತೆಗೆದು ತೋರಿಸಿದರು. ಡೆಂಗಿ ಸೊಳ್ಳೆಯ ಮರಿಗಳು ಮಿಜಿಮಿಜಿ ಎನ್ನುತ್ತಿದ್ದವು. ಅದೇ ತಿಂಗಳು ನಮ್ಮ ಇಬ್ಬರು ಹಮಾಲರು ಜ್ವರದಿಂದ ಮಲಗಿದ್ದರು. (ಟ್ಯಾಪಿಂಗ್ ನಿಲ್ಲಿಸಿದ ಮಳೆಗಾಲದಲ್ಲಿ ರಬ್ಬರಿನ ಚಿಪ್ಪುಗಳನ್ನು ಮಗುಚಿ ಹಾಕದವರಿಗೂ ಇದೇ ಮಾತು.) ರಾಶಿ ತೆಗೆಯಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಎಲ್ಲಿಗೆ ಎಂಬಲ್ಲಿ ಚರ್ಚೆ ಎದ್ದಿತು. ಬಯಲುಸೀಮೆಯ ಆಲೆಮನೆಗಳಿಗೆ ಉರುವಲು ಸರಬರಾಜು ಮಾಡುವವರೊಬ್ಬರು ಒಳ್ಳೆಯ ದರ ಹೇಳಿದ್ದರು. ಟೈರು ಕಟ್ಟಿಗೆಗಿಂತ ಚೆನ್ನಾಗಿ ಉರಿಯುತ್ತದೆ ನಿಜ, ಅದು ಬಹುಪಾಲು ಎಣ್ಣೆಯ ಮಗುವೇ. ಜೊತೆಗೆ ಗಂಧಕದ ಹೊಗೆ, ಮಸಿ, ಸತು, ಕ್ಯಾನ್ಸರ್ ತರುವ ಹಲವು ವಿಷಗಳು ಏಳುತ್ತವೆ. ಅದನ್ನು ಕುಡಿಯುವವರು ಕೊಪ್ಪರಿಗೆಯ ಮುಂದೆ ನಿಂತ ಆಳುಗಳು. ಆ ಬೆಲ್ಲ ನಮ್ಮ ಬೆಲ್ಲದ ಕಾಫಿಗೇ ಬಂದೀತು. ನಿರ್ದೇಶಕರಲ್ಲಿ ಒಬ್ಬರು, “ಸಂಘಕ್ಕೆ ಬರುವ ದುಡ್ಡು ಬಿಡುವುದು ಧರ್ಮವಲ್ಲ ಮಾರಾಯ್ರೇ” ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು, ಕಾರ್ಯದರ್ಶಿಯ ಸ್ವಂತ ದುಡ್ಡಲ್ಲವಲ್ಲ ಅದು. ನಾನು ರೋಣದ ಅಜ್ಜನ ಮಾತು ಹೇಳಿದೆ. ಕೊನೆಗೆ ಒಂದು ಮತದ ಅಂತರದಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಮರುಬಳಕೆಯವರಿಗೇ ಕೊಡುವುದೆಂದಾಯಿತು.

ಅಲ್ಲಿ ಅದು ಏನಾಗುತ್ತದೆ? ಯಂತ್ರಕ್ಕೆ ಹಾಕಿ ಪುಡಿ ಮಾಡಿ ಉಕ್ಕಿನ ತಂತಿಯನ್ನು ಬೇರ್ಪಡಿಸುತ್ತಾರೆ. ಪುಡಿ ಡಾಂಬರಿನೊಡನೆ ಸೇರಿ ರಸ್ತೆಗೆ ಹೋಗಬಹುದು. ಗಂಧಕದ ಗಂಟುಗಳನ್ನು ಶಾಖದಿಂದ, ತಿಕ್ಕಿ ಅರೆಯುವುದರಿಂದ ಅಷ್ಟಿಷ್ಟು ಸಡಿಲಿಸಿ ಮಾಡಿದ ರಬ್ಬರು ಕಾಲೊರಸುವ ಚಾಪೆ, ಟ್ಯೂಬಿಗೆ, ಕೆಲವು ಪಾಲು ಹೊಸ ಟೈರಿಗೂ ಸೇರುತ್ತದೆ. ಗಾಳಿಯಾಡದ ಕುಲುಮೆಯಲ್ಲಿ ಕಾಯಿಸಿ ಎಣ್ಣೆ, ಅನಿಲ, ಮಸಿ ಪಡೆಯುವ ಪೈರೋಲಿಸಿಸ್ ಎಂಬ ವಿಧಾನವೂ ಇದೆ. ಸರಿಯಾಗಿ ನಡೆಸಿದರೆ ಆ ಮಸಿ ಮತ್ತೆ ಟೈರಿನೊಳಗೆ ಹೋಗಬಲ್ಲದು, ಅಡ್ಡಾದಿಡ್ಡಿ ನಡೆಸಿದರೆ ಊರಿಗೇ ಮಸಿ. ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ತಂದ ನಿಯಮದ ಪ್ರಕಾರ ಟೈರು ತಯಾರಿಸಿದವರೇ ಅದರ ಕೊನೆಗೂ ಹೊಣೆ. ಮೊದಲ ವರ್ಷ ತಯಾರಿಕೆಯ ಶೇಕಡಾ 35, ಎರಡನೆಯ ವರ್ಷ 70, 2024-25ರಿಂದ ಪೂರ್ತಿ 100ರ ಲೆಕ್ಕಕ್ಕೆ ಮರುಬಳಕೆಯ ಪ್ರಮಾಣಪತ್ರ ಕೊಂಡು ತೋರಿಸಬೇಕು. ಆದರೆ ನಮ್ಮ ಅಂಗಳದ ಟೈರು ಆ ದಾರಿಗೆ ಇಳಿಯದಿದ್ದರೆ ಕಾಗದ ಒಂದು ಕಡೆ, ಟೈರು ಒಂದು ಕಡೆ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲಕ್ಕಿಂತ ಒಳ್ಳೆಯ ಮರುಬಳಕೆ ಯಾವುದೆಂದರೆ ರಿಸೋಲೇ. ಸಿಡಿದ ಟೈರಿನವನ ಬಾಯಲ್ಲಿ ಈ ಮಾತೇ ಎಂದು ನಗಬೇಡಿ. ಟೈರು ಸವೆಯುವುದು ಮೇಲಿನ ಪಟ್ಟಿ ಮಾತ್ರ, ಉಕ್ಕು ಮತ್ತು ರ‌ಬ್ಬರಿನ ಬಹುಪಾಲು ಕೆಳಗಿನ ಕವಚದಲ್ಲೇ ಗಟ್ಟಿಯಾಗಿರುತ್ತದೆ. ಅಜ್ಜ ಹಳಿ ಬಿಗಿಸಿದಂತೆಯೇ ಅದು. ಲಾರಿಯ ಒಳ್ಳೆಯ ರೇಡಿಯಲ್ ಕವಚಕ್ಕೆ ಎರಡು ಸಲವಾದರೂ ಹೊಸ ಪಟ್ಟಿ ಹಾಕಿಸಬಹುದು. ನನ್ನ ತಪ್ಪು ರಿಸೋಲ್ ಕೊಂಡದ್ದಲ್ಲ, ಯಾರದ್ದೋ, ಎಷ್ಟು ವರ್ಷದ್ದೋ ತಿಳಿಯದ ಕವಚ ಕೊಂಡದ್ದು. ಸಂಘದ ಲಾರಿಗೆ ಇನ್ನು ಮುಂದೆ ನಮ್ಮದೇ ಟೈರು ಕಳಿಸಿ ನಮ್ಮದೇ ಕವಚವನ್ನು ವಾಪಸು ಪಡೆಯುತ್ತೇವೆ. ಪ್ರತಿ ಟೈರಿನ ನಾಲ್ಕಂಕಿ, ಹಾಕಿದ ದಿನ, ಓಡಿದ ಕಿಲೋಮೀಟರ್ ಬರೆಯಲು ಒಂದು ಪುಸ್ತಕ ತೆರೆದಿದೆ. ಜೀಪು, ಕಾರಿನ ಮುಂದಿನ ಗಾಲಿಗೆ ರಿಸೋಲ್ ಬೇಡ. ಹದಿನೈದು ದಿನಕ್ಕೊಮ್ಮೆ ತಣ್ಣಗಿರುವಾಗ ಗಾಳಿ ನೋಡಿಸಿ. ಕಡಿಮೆ ಗಾಳಿಯಲ್ಲಿ ಓಡಿದ ಟೈರು ಒಳಗೊಳಗೇ ಕಾವೇರಿ ಸಾಯುತ್ತದೆ.

ರೋಣದಿಂದ ಮರಳುವಾಗ ಜೀಪಿನಲ್ಲಿ ಹತ್ತು ಜನ. ಹಿಂದಿನ ಸೀಟಿನ ಮಕ್ಕಳು ಶಿವಮೊಗ್ಗ ದಾಟಿ ಕಾಡು ಸುರುವಾದ ಮೇಲೆ ಬಾಯಿ ಮುಚ್ಚಲಿಲ್ಲ. ಕೊಯ್ಲು ಚೆನ್ನಾಗಿಯೇ ಮುಗಿಯಿತು.

ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸದಸ್ಯರ ಹಳೆಯ ಟೈರುಗಳನ್ನು ಗೋಡೌನಿನ ಶೆಡ್ಡಿನಲ್ಲಿ ತೂಕ ಮಾಡಿ ತೆಗೆದುಕೊಳ್ಳಲಾಗುವುದು. ಹಣ ನಿಮ್ಮ ಖಾತೆಗೆ ಜಮೆಯಾಗುತ್ತದೆ. ತರುವ ಮುನ್ನ ಒಳಗಿನ ನೀರನ್ನು ಮನೆಯಲ್ಲೇ ಚೆಲ್ಲಿ, ಮಣ್ಣು ಉದುರಿಸಿ ತನ್ನಿ. ಕಳೆದ ಸಲ ಒಬ್ಬರ ಟ್ರ್ಯಾಕ್ಟರ್ ಟೈರಿನೊಳಗೆ ಕೇರೆ ಹಾವು ಮಲಗಿತ್ತು.